ಆಷಾಢದ ಟೈರು

ಟೈರ್ ಕೊಳ್ಳೋದು ಅಂದ್ರೆ ಅಂಗಡಿಗೆ ಹೋಗಿ, ಹಾಕಿಸ್ಕೊಂಡು, ಮನೆಗೆ ಬಂದು ಕಾಫಿ ಕುಡಿಯೋ ಕೆಲಸ ಅಂತ ನೀವಂದುಕೊಂಡಿದ್ರೆ ನಿಮ್ಮ ಮನೇಲಿ ಎಲ್ಲಾ ಸರಿಯಾಗಿದೆ ಅಂತ ಅರ್ಥ. ನಮ್ಮ ಮನೇಲಿ ಹಾಗಲ್ಲ. ನಮ್ಮಲ್ಲಿ ಬಲ್ಬ್ ಬದಲಾಯಿಸೋಕೆ ಹೋದ್ರೂ ಅದು ಮೈಸೂರಿನವರೆಗೆ ಸುದ್ದಿಯಾಗಿ, ಅಲ್ಲಿಂದ ಅಭಿಪ್ರಾಯ ಬಂದು, ಕೊನೆಗೆ ಪಕ್ಕದ ಮನೆಯವರ ಮುಂದೆ ಮಾನ ಹೋಗೋ ತನಕ ಮುಗಿಯಲ್ಲ. ಇಂಥವು ಆಗ್ತಾನೇ ಇರ್ತವೆ. ಟೈರಿನದು ಮಾತ್ರ ಇಡೀ ಕಣಿವೆಗೇ ಹಬ್ಬಿಬಿಡ್ತು, ಅದಕ್ಕೇ ಹೇಳ್ತಿದೀನಿ.

ಮೊದಲು ನಮ್ಮ ಪರಿಚಯ. ನಾನು ವಿಮಾನ ತಯಾರಿಸೋ ಕಂಪನಿಯೊಂದರಲ್ಲಿ ಇಂಜಿನಿಯರ್. ಒದ್ದೆ ರನ್‌ವೇ ಮೇಲೆ, ಐಸ್ ಮೇಲೆ ವಿಮಾನದ ಬ್ರೇಕ್ ಹೇಗೆ ಹಿಡಿಯತ್ತೆ ಅಂತ ಪರೀಕ್ಷೆ ಮಾಡೋದು ನನ್ನ ಹೊಟ್ಟೆಪಾಡು. ನಮ್ಮನೆಯವರು ಸಾಫ್ಟ್‌ವೇರ್, ಮನೆಯಿಂದಲೇ ಕೆಲಸ. ಅಮೆರಿಕದ ಸಿಯಾಟಲ್ ಪಕ್ಕದ ಕಣಿವೇಲಿ ಡುವಾಲ್ ಅಂತ ಒಂದು ಸಣ್ಣ ಊರು, ಅಲ್ಲಿ ಒಂದು ದಿಬ್ಬದ ಮೇಲೆ ಮನೆ. ಹಿತ್ತಲಲ್ಲಿ ನನ್ನ ಮೆಂತ್ಯ, ದಂಟು, ಗಾಜಿನ ಗೂಡಲ್ಲಿ ಬದನೆಕಾಯಿ. ಮಣ್ಣು, ಗೊಬ್ಬರ ಹೊರೋಕೆ ಒಂದು ಪಿಕಪ್ ಟ್ರಕ್. ಟ್ರಕ್ ಓಡಿಸೋದು ನಾನು. ಇವರಿಗೆ ಅದರ ಸ್ಟಿಯರಿಂಗ್ ಹಿಡಿದ್ರೆ ಆನೆ ಮೇಲೆ ಕೂತ ಹಾಗಾಗತ್ತಂತೆ, ಹಾಗಾಗಿ ಇವರದು ಯಾವಾಗಲೂ ಪಕ್ಕದ ಸೀಟು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಮುಂದೆ ಬರೋ ಗಂಡಸರು ಯಾರೂ ನೆನಪಿಟ್ಕೊಳ್ಳಲಿಲ್ಲ.

ಕುದುರೆ ಮೂಸಿದ ಹುಳಿ

ಹೋದ ಚಳಿಗಾಲ ಒಂದು ಭಾನುವಾರ ಪಕ್ಕದೂರು ಸಮಾಮಿಶ್‌ನಲ್ಲಿ ಸ್ನೇಹಿತರ ಮನೇಲಿ ಊಟ. ಎಲ್ಲರೂ ಒಂದೊಂದು ಅಡುಗೆ ತರಬೇಕು, ನನ್ನ ಪಾಲಿಗೆ ಹುಳಿ ಬಂದಿತ್ತು. ಬೆಳಗ್ಗೆ ಎದ್ದು ನೋಡಿದ್ರೆ ಹಿಮ ಬಿದ್ದಿದೆ. ನಮ್ಮ ಸಿಯಾಟಲ್ ಕಡೆ ಹಿಮ ಗೊತ್ತಲ್ಲ, ಬೀಳುವಾಗ ಹತ್ತಿ, ಬಿದ್ದ ಮೇಲೆ ಇಡ್ಲಿ ಹಿಟ್ಟು, ಮಾರನೇ ದಿನ ಗಾಜು. ನಮ್ಮ ಟ್ರಕ್‌ಗೆ ಇದ್ದಿದ್ದು ಎಲ್ಲಾ ಕಾಲಕ್ಕೂ ಆಗತ್ತೆ ಅನ್ನೋ ಟೈರು. ಎಲ್ಲಾ ಕಾಲಕ್ಕೂ ಅಂದ್ರೆ ಹಿಮ ಬಿಟ್ಟು ಮಿಕ್ಕ ಎಲ್ಲಾ ಕಾಲಕ್ಕೂ ಅಂತ ಅವತ್ತು ತಿಳೀತು.

ಇವರು ಹುಳಿ ಪಾತ್ರೆ ತೊಡೆ ಮೇಲಿಟ್ಕೊಂಡು ಕೂತ್ರು. ನಾನು ಗೇರ್ ಹಾಕಿ ದಿಬ್ಬ ಇಳಿಸಿದೆ. ಅರ್ಧ ಇಳಿಯೋಷ್ಟರಲ್ಲಿ ಟ್ರಕ್ ನನ್ನ ಮಾತು ಕೇಳೋದು ಬಿಟ್ಟು ತನ್ನಷ್ಟಕ್ಕೆ ಅಡ್ಡಡ್ಡ ಹೋಗೋಕೆ ಶುರು ಮಾಡ್ತು. ಎಷ್ಟು ನಿಧಾನ ಅಂದ್ರೆ ನಮಗೆ ಜಗಳ ಆಡೋಕೆ ಪುರುಸೊತ್ತಿತ್ತು.

"ಬ್ರೇಕ್ ಹಾಕೇ."

"ಹಾಕಿದೀನಿ."

"ಮತ್ತೆ ಯಾಕೆ ಹೋಗ್ತಿದೆ?"

"ಬ್ರೇಕ್ ಹಿಡಿಯೋದು ಚಕ್ರನ್ನ. ನೆಲನ್ನ ಹಿಡಿಯೋದು ಟೈರು."

"ಇದೇ ಏನು ನಿಮ್ಮಾಫೀಸಲ್ಲಿ ನೀನು ಮಾಡೋದು?"

ಟ್ರಕ್ ಸೀದಾ ಹೋಗಿ ಪಕ್ಕದ ಮನೆಯವರ ಬೇಲಿಗೆ ಒರಗಿ ನಿಂತ್ಕೊಳ್ತು. ಅವರು ಕುದುರೆ ಸಾಕಿದಾರೆ, ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಅವರ ಕುದುರೆ ಕಿಟಕಿ ಹತ್ರ ಬಂದು ಇವರ ಮುಖ ನೋಡ್ತು, ಆಮೇಲೆ ಗಾಜಿಗೆ ಮೂಗು ಒತ್ತಿ ಹುಳಿ ಮೂಸ್ತು. ಕುದುರೆ ಯಜಮಾನರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ನಮ್ಮನ್ನ ಎಳೆದು ಹಾಕಿದ್ರು. ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಒಳಗೆ ಬಂದು ಶೂ ಬಿಚ್ಚೋ ಮುಂಚೆನೇ ಇವರು ತೀರ್ಪು ಕೊಟ್ರು. "ಮುಂದಿನ ಚಳಿಗಾಲ ಒಂದೇ ಒಂದು ಸಲ ಹೀಗೆ ಹಿಮದಲ್ಲಿ ಸಿಕ್ಕಿಬಿದ್ರೂ ಸರಿ, ಈ ಮನೆ ಮಾರಿ ಕ್ರಾಸ್‌ರೋಡ್ಸ್‌ಗೆ ಹೋಗೋದು."

ಪೇಟೆ ಕಡೆಯ ಆ ಬಡಾವಣೆ ಇವರ ಬಹಳ ದಿನದ ಆಸೆ. ಅಲ್ಲಿ ಅಪಾರ್ಟ್‌ಮೆಂಟು, ನಡ್ಕೊಂಡು ಹೋದ್ರೆ ಅಂಗಡಿ, ಲಿಫ್ಟಲ್ಲೂ ಕನ್ನಡ ಮಾತಾಡೋರು ಸಿಗ್ತಾರೆ. ಡುವಾಲ್‌ನಲ್ಲಿ ಇವರನ್ನ ಯಾರೂ ಮಾತಾಡ್ಸಲ್ಲ ಅನ್ನೋದೇ ದೊಡ್ಡ ಕೊರಗು. ನಂಗೆ ಈ ದಿಬ್ಬ, ಈ ಹಿತ್ತಲು ಬಿಟ್ಟು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಕೊಂಡು ಬದುಕೋದು ಆಗದ ಮಾತು. ಆದ್ರೂ ರೋಷ ನೋಡಿ, "ಆಗ್ಲಿ, ಸಿಕ್ಕಿಬಿದ್ರೆ ಹೋಗೋಣ, ಇಲ್ಲದಿದ್ರೆ ಇನ್ನೊಂದ್ಸಲ ಕ್ರಾಸ್‌ರೋಡ್ಸ್ ಹೆಸರು ಎತ್ತಬಾರದು" ಅಂತ ಕೈ ಕೊಟ್ಟುಬಿಟ್ಟೆ.

ಊಟದ ಮನೆ ತಲುಪಲಿಲ್ಲ, ಆ ಹುಳಿನ ನಾವೇ ವಾರಪೂರ್ತಿ ತಿಂದ್ವಿ. ಕುದುರೆ ಮಾತ್ರ ಇವತ್ತಿಗೂ ನಮ್ಮ ಟ್ರಕ್ ಕಂಡ್ರೆ ಬೇಲಿ ಹತ್ರ ಓಡಿ ಬಂದು ಇವರನ್ನ ಮೂಸತ್ತೆ.

ಸ್ಟೆಪ್ನಿ ಮಹಿಮೆ

ದೀಪಾವಳಿ ಊಟ ಮತ್ತೆ ಸಮಾಮಿಶ್‌ನಲ್ಲಿ, ಅದೇ ಸ್ನೇಹಿತರ ಮನೆ. ನಾನು ಟ್ರಕ್‌ಗೆ ಹಿಮಕ್ಕಾಗೋ ಟೈರ್ ನೋಡ್ತಿದೀನಿ ಅಂತ ಬಾಯಿತಪ್ಪಿ ಅಂದೆ. ಅಷ್ಟೇ, ಹೋಳಿಗೆ ತಟ್ಟೆ ಹಿಡಿದಿದ್ದ ಗಂಡಸರೆಲ್ಲ ತಿರುಗಿ ನಮ್ಮನೆಯವರನ್ನ ಸುತ್ತುವರಿದ್ರು.

"ನೋಡಿ, ನೀವು ಆಲ್-ಟೆರೇನ್ ಹಾಕಿಸಿ, ಕಲ್ಲು, ಕೆಸರು, ಎಲ್ಲಾ ನೆಲಕ್ಕೂ ಆಗತ್ತೆ," ಅಂದ್ರು ಒಬ್ರು, ಇವರಿಗೆ.

"ಬೇಡ ಬೇಡ, ನಿಮಗೆ ಪಕ್ಕಾ ಸ್ನೋ ಟೈರೇ ಬೇಕು," ಅಂದ್ರು ಇನ್ನೊಬ್ರು, ಇವರಿಗೆ.

"ನಾಲ್ಕೂ ಚಕ್ರಕ್ಕೆ ಪವರ್ ಹೋಗತ್ತಲ್ಲ, ಟೈರ್ ಯಾವುದಾದ್ರೇನು?" ಅಂದ್ರು ಮನೆ ಯಜಮಾನರು, ಅದೂ ಇವರಿಗೇ.

"ನಾಲ್ಕೂ ಚಕ್ರಕ್ಕೆ ಪವರ್ ಹೋದ್ರೆ ನಾಲ್ಕೂ ಚಕ್ರ ಒಟ್ಟಿಗೆ ಜಾರತ್ತೆ," ಅಂದೆ ನಾನು. ಯಾರೂ ಕೇಳಿಸ್ಕೊಳ್ಳಲಿಲ್ಲ. ಐಸ್ ಮೇಲೆ ರಬ್ಬರ್ ಹೇಗೆ ಹಿಡಿಯತ್ತೆ ಅಂತ ನಂಗೆ ಸಂಬಳ ಕೊಟ್ಟು ಕೇಳ್ತಾರೆ, ಇಲ್ಲಿ ಪುಕ್ಕಟೆ ಹೇಳಿದ್ರೂ ಬೇಡ. "ಹೋಳಿಗೆಗೆ ತುಪ್ಪ ಹಾಕ್ಲಾ?" ಅಂತ ಕೇಳಿದಾಗ ಮಾತ್ರ ಎಲ್ಲರೂ ನನ್ನ ಕಡೆ ತಿರುಗಿದ್ರು.

ಕೊನೆಗೆ ನಾನೇ ತುಪ್ಪದ ಬಟ್ಟಲು ಹಿಡ್ಕೊಂಡು ಹೇಳಿದೆ. ಹಿಮದಲ್ಲಿ ನಿಜವಾಗಿ ಹಿಡಿಯೋ ಟೈರಿಗೆ ಪರೀಕ್ಷೆ ಮಾಡಿ ಒಂದು ಗುರುತು ಹಾಕಿರ್ತಾರೆ, ಪಕ್ಕದಲ್ಲಿ ಮೂರು ತುದಿಯ ಬೆಟ್ಟ, ಅದರೊಳಗೆ ಹಿಮದ ಹೂವು. ಆಲ್-ಟೆರೇನ್‌ನಲ್ಲೂ ಕೆಲವಕ್ಕೆ ಇರತ್ತೆ, ಕೆಲವಕ್ಕೆ ಇರಲ್ಲ. ಹಲ್ಲು ಎಷ್ಟೇ ದಪ್ಪ ಇರ್ಲಿ, ಆ ಗುರುತಿಲ್ಲದಿದ್ರೆ ಅದು ನೋಟಕ್ಕೆ ಮಾತ್ರ ಪೈಲ್ವಾನ.

"ನನ್ನ ಕಾರಿನದ್ರಲ್ಲಿ ಇದೆ," ಅಂದ್ರು ಮನೆ ಯಜಮಾನರು.

"ನಂದ್ರಲ್ಲೂ ಇದೆ," ಅಂದ್ರು ಮಿಕ್ಕವರು.

ಸರಿ, ಜುಬ್ಬಾ ಪೈಜಾಮ ಹಾಕ್ಕೊಂಡ ಗಂಡಸರೆಲ್ಲ ಜಿಟಿಜಿಟಿ ಮಳೇಲಿ ಹೊರಗೆ ಹೋಗಿ, ಫೋನಿನ ಬೆಳಕಲ್ಲಿ ಒಂದೊಂದೇ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ಹಾದು ಹೋಗ್ತಿದ್ದ ಎದುರು ಮನೆ ಹೆಂಗಸು ನಾಯಿ ಎಳ್ಕೊಂಡು ಬೇಗ ಬೇಗ ಹೋದ್ಲು. ಒಂದು ಟೈರಲ್ಲೂ ಬೆಟ್ಟ ಇಲ್ಲ, ಹೂವಿಲ್ಲ. ಎಲ್ಲರ ಮುಖ ಸಪ್ಪೆ ಆಗಿತ್ತು. ಅಷ್ಟರಲ್ಲಿ ಮನೆ ಯಜಮಾನರು "ಸಿಕ್ತು, ನಾನು ಹೇಳಲಿಲ್ವಾ" ಅಂತ ಕೂಗಿದ್ರು.

ಓಡಿ ಹೋಗಿ ನೋಡಿದ್ವಿ. ಇತ್ತು, ಸ್ಪಷ್ಟವಾಗಿ ಇತ್ತು, ಡಿಕ್ಕಿಯಲ್ಲಿ ಮಲಗಿದ್ದ ಸ್ಟೆಪ್ನಿ ಮೇಲೆ. ಕಾರು ಕೊಂಡಾಗಿಂದ ಪಾಪ ಅದನ್ನ ಬೆಚ್ಚಗೆ ಡಿಕ್ಕಿಯಲ್ಲಿಟ್ಟು, ಮಿಕ್ಕ ನಾಲ್ಕರ ಮೇಲೆ ಹಿಮದಲ್ಲಿ ಓಡಾಡಿದ್ರು.

ಹಿಂದಿನ ಸಾಲಿನ ಹಾಲು

ನಮ್ಮನೆಯವರಿಗೆ ಒಂದು ಅಭ್ಯಾಸ. ಅಂಗಡೀಲಿ ಹಾಲು ತಗೊಳ್ಳುವಾಗ ಮುಂದಿನ ಡಬ್ಬ ಮುಟ್ಟಲ್ಲ. ಭುಜದವರೆಗೂ ಕೈ ತೂರಿಸಿ ಹಿಂದಿನ ಸಾಲಿಂದ ತೆಗೀತಾರೆ, ಹೊಸದು ಹಿಂದೆ ಇಡ್ತಾರೆ ಅಂತ. ನಮ್ಮವರು ಎಲ್ಲರೂ ಮಾಡೋದೇ. ಟೈರ್ ಅಂಗಡೀಲಿ ಯಾರೂ ಮಾಡಿರಲಿಕ್ಕಿಲ್ಲ.

ದಿಬ್ಬದ ಕೆಳಗೆ, ಕಣಿವೇಲಿರೋ ಟೈರ್ ಅಂಗಡಿ. ಗಡ್ಡ ಬಿಟ್ಟ ಒಬ್ಬ ಒಳ್ಳೆ ಹುಡುಗ ಮಾರಾಟಕ್ಕಿದ್ದ. ನಾನು ಬೇಕಾದ ಆಲ್-ಟೆರೇನ್ ಯಾವುದು ಅಂತ ಮೊದಲೇ ನೋಡಿಟ್ಟಿದ್ದೆ, ಬೆಟ್ಟ ಇತ್ತು, ಹೂವಿತ್ತು, ರಬ್ಬರಿನಲ್ಲಿ ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳಿತ್ತು, ಹಿಮ ಕಚ್ಚೋದು ಅವೇ. ಕಾಲು ಗಂಟೇಲಿ ಮಾತು ಮುಗೀತು. ಆಗ ಇವರು ಮುಂದೆ ಬಂದು ಟೈರನ್ನ ತೆಂಗಿನಕಾಯಿ ಥರ ತಟ್ಟಿ ನೋಡಿ, "ಇದು ಯಾವಾಗ ಮಾಡಿದ್ದು?" ಅಂದ್ರು.

ಅವನು ಖುಷಿಯಿಂದ ಟೈರಿನ ಪಕ್ಕದ ಅಂಕಿ ತೋರಿಸಿದ. ಮೊದಲೆರಡು ಅಂಕಿ ಎಷ್ಟನೇ ವಾರ ಅಂತ, ಆಮೇಲಿನೆರಡು ವರ್ಷ. "ಎಲ್ಲಾ ಫ್ರೆಶ್ ಸರ್, ಈ ವರ್ಷದ ಜುಲೈ."

"ಜುಲೈ," ಅಂದ್ರು ಇವರು. ಬೆರಳು ಮಡಚಿ ಲೆಕ್ಕ ಹಾಕಿದ್ರು. ಮುಖ ಗಂಭೀರ ಆಯ್ತು. ಫೋನ್ ತೆಗೆದು ಮೈಸೂರಿಗೆ ವಿಡಿಯೋ ಕಾಲ್ ಮಾಡಿದ್ರು.

ಅಲ್ಲಿ ಆಗಷ್ಟೇ ಬೆಳಗಾಗ್ತಿತ್ತು. ಅತ್ತೆ ರಂಗೋಲಿ ಪುಡಿ ಕೈಯಲ್ಲೇ ಫೋನ್ ಎತ್ತಿದ್ರು. "ಜುಲೈ ಅಂದ್ರೆ ಆಷಾಢ ಕಣೋ," ಅಂದ್ರು. "ಹುಟ್ಟಿದ್ದೇನೋ ಹುಟ್ಟಿದೆ, ಅದರ ತಪ್ಪಲ್ಲ. ಮನೆಗೆ ತರಬೇಡಿ. ಸೊಸೆ ಏನಂತಾಳೆ?"

"ರಬ್ಬರಿಗೆ ಆಷಾಢ ಇರಲ್ಲ ಅತ್ತೆ," ಅಂದೆ.

"ನೀವು ವಿಮಾನದವರು ಹಾಗೇ ಹೇಳೋದು. ವಿಮಾನಕ್ಕೂ ಕುಂಕುಮ ಇಟ್ಟೇ ಹಾರಿಸೋದು ನಮ್ಮಲ್ಲಿ."

ನಾನು ಇವರನ್ನ ಪಕ್ಕಕ್ಕೆ ಕರೆದು ಕೇಳಿದೆ, "ಅಲ್ಲಾ ರೀ, ಟ್ರಕ್ ಸಿಕ್ಕಿಬೀಳಲಿ ಅಂತ ತಾನೇ ನಿಮ್ಮಾಸೆ? ಆಷಾಢದ್ದೇ ಹಾಕ್ಸಿ ಬಿಡಿ."

"ಸಿಕ್ಕಿಬೀಳಲಿ ಕಣೇ, ಆದ್ರೆ ಪಕ್ಕದ ಸೀಟಲ್ಲಿ ಇರೋದು ನಾನು," ಅಂದ್ರು. "ಇದು ನಂಬಿಕೆ ಅಲ್ಲ, ರಿಸ್ಕ್ ಮ್ಯಾನೇಜ್‌ಮೆಂಟ್."

ವಾಪಸ್ ಹೋಗಿ ಹುಡುಗನಿಗೆ, "ಜುಲೈ ಬೇಡ. ಹಿಂದಿನಿಂದ ಆಗಸ್ಟಿನದು ತೆಗೀರಿ," ಅಂದ್ರು.

"ಜುಲೈನಲ್ಲಿ ಏನಾಗಿದೆ ಸರ್?"

"ಜುಲೈ ಸರಿಯಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ವಿಷಯ."

ಹುಡುಗನ ಕಣ್ಣು ನನ್ನ ಕುತ್ತಿಗೇಲಿ ನೇತಾಡ್ತಿದ್ದ ಆಫೀಸಿನ ಬ್ಯಾಡ್ಜ್ ಮೇಲೆ ಬಿತ್ತು. ಬ್ರೇಕ್ ಪರೀಕ್ಷೆ ಮಾಡೋಳು ಅಂತ ಆಗಲೇ ಹೇಳಿದ್ದೆ. ದನಿ ತಗ್ಗಿಸಿ, "ಮೇಡಂ, ನಿಮ್ಮ ಕೆಲಸದಲ್ಲಿ ಏನಾದ್ರೂ ಗೊತ್ತಾಗಿದೆಯಾ?" ಅಂದ.

ನಂಗೆ ತಲೆ ಕೆಟ್ಟಿತ್ತು. "ಈ ವಿಷಯ ನಾನು ಮಾತಾಡಲ್ಲ," ಅಂದುಬಿಟ್ಟೆ.

ಅವನು ಅರ್ಥ ಆಯ್ತು ಅನ್ನೋ ಹಾಗೆ ತಲೆ ಆಡಿಸಿ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಜುಲೈ ಟೈರುಗಳನ್ನೆಲ್ಲ ಒಂದೊಂದಾಗಿ ಉರುಳಿಸ್ಕೊಂಡು ಹೋಗಿ ಗ್ಯಾರೇಜಿನ ಮೂಲೆಗೆ ತಳ್ಳಿದ. ಆಮೇಲೆ ಆಗಸ್ಟಿನ ನಾಲ್ಕು ಹಾಕಿ ಅಂತ ಚೀಟಿ ಬರೆದಿಟ್ಟು ಬಂದು ನನ್ನ ಕೈ ಕುಲುಕಿದ, ಥ್ಯಾಂಕ್ಸ್ ಹೇಳಿದ.

ನಿಂಬೆಹಣ್ಣಿನ ತಂತ್ರಜ್ಞಾನ

ಟೈರ್ ಹಾಕೋ ತನಕ ಅಲ್ಲೇ ಪಾಪ್‌ಕಾರ್ನ್ ತಿಂತಾ ಕೂತಿದ್ವಿ. ನಮ್ಮ ಪಕ್ಕದ ಮನೆ ಕುದುರೆ ಯಜಮಾನರೂ ಏನಕ್ಕೋ ಬಂದು ಕೂತಿದ್ರು. ಹೋದ ವಾರವಷ್ಟೇ ಅವರೂ ಇಲ್ಲೇ ಹೊಸ ಟೈರ್ ಹಾಕಿಸಿದ್ರಂತೆ. ಗಡ್ಡದ ಹುಡುಗ ಅವರ ಕಿವೀಲಿ ಏನೋ ಹೇಳಿದ, ಅವರು ನಮ್ಮನೆಯವರ ಕಡೆ ನೋಡಿದ್ರು. ನಮ್ಮ ಡುವಾಲ್ ವಾಸದಲ್ಲಿ ಅವರು ಇವರನ್ನ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಟ್ರಕ್ ಹೊರಗೆ ತಂದು ನಿಲ್ಲಿಸಿದ್ರು. ಇವರು ಜಾಕೆಟ್ ಜೇಬಿಂದ ನಾಲ್ಕು ನಿಂಬೆಹಣ್ಣು ತೆಗೆದು, ನಾಲ್ಕು ಚಕ್ರದ ಮುಂದೆ ಇಟ್ಟು, ನಂಗೆ "ಮುಂದೆ ತಗೋ" ಅಂತ ಸನ್ನೆ ಮಾಡಿದ್ರು. ನಾನು ಸುಮ್ನೆ ತಗೊಂಡೆ. ಬೇಡ ಅಂದ್ರೆ ಮತ್ತೆ ಮೈಸೂರಿಗೆ ಫೋನ್ ಹೋಗತ್ತೆ.

ಹುಡುಗನೂ ಕುದುರೆ ಯಜಮಾನರೂ ಬಂದು ನಿಂತ್ರು. "ಇದು ಯಾಕೆ ಸರ್?"

"ಸೇಫ್ಟಿಗೆ," ಅಂದ್ರು ಇವರು. ಸುಳ್ಳಲ್ಲ ನೋಡಿ.

ಹುಡುಗ ಬಗ್ಗಿ ಅಪ್ಪಚ್ಚಿಯಾದ ಹಣ್ಣುಗಳನ್ನ ಒಂದೊಂದಾಗಿ ನೋಡಿದ. ಮೂರು ಸಮವಾಗಿ ಚಪ್ಪಟೆ ಆಗಿದ್ವು. ಮುಂದಿನ ಎಡಗಡೆದು ಮಾತ್ರ ಒಂದು ಪಕ್ಕಕ್ಕೆ ಪಿಚಕ್ ಅಂತ ಹಾರಿತ್ತು. ಅವನು ಅದನ್ನ ಎತ್ತಿ ಬೆಳಕಿಗೆ ಹಿಡಿದು, "ಮೇಡಂ, ಟ್ರಕ್ ಇನ್ನೊಂದ್ಸಲ ಒಳಗೆ ತನ್ನಿ," ಅಂದ. ಯಂತ್ರಕ್ಕೆ ಹಾಕಿ ನೋಡಿದ್ರೆ ಮುಂದಿನ ಎಡಚಕ್ರ ಕೂದಲೆಳೆಯಷ್ಟು ಸೊಟ್ಟಗಿತ್ತು. ಸರಿ ಮಾಡಿಕೊಟ್ಟ.

ಇವರು ಆಗಲೇ ಫೋನಲ್ಲಿದ್ರು. "ಅಮ್ಮಾ, ನಿಂಬೆಹಣ್ಣು ತೋರಿಸ್ತು."

ಮುಂದೆ ಯಾವತ್ತೋ ಅದೇ ಅಂಗಡೀಗೆ ಗಾಳಿ ಹಾಕಿಸೋಕೆ ಹೋದಾಗ ನೋಡ್ತೀನಿ, ಗಡ್ಡದ ಹುಡುಗನ ಮೇಜಿನ ಮೇಲೆ, ಗಾಳಿ ಅಳೆಯೋ ಮೀಟರ್ ಪಕ್ಕದಲ್ಲಿ, ಒಂದು ಬುಟ್ಟಿ ನಿಂಬೆಹಣ್ಣು.

ನಮ್ಮದು ಶ್ರಾವಣ

ಸಂಕ್ರಾಂತಿ ಊಟದ ದಿನ ಬೆಳಗ್ಗೆ ಹಿಮ ಬಿತ್ತು. ಊಟ ಸಮಾಮಿಶ್‌ನಲ್ಲೇ, ನನ್ನ ಪಾಲಿಗೆ ಹುಳಿಯೇ. ಇವರು ಕಿಟಕಿಯಿಂದ ಹೊರಗೆ ನೋಡಿ ಶಿಳ್ಳೆ ಹಾಕ್ತಿದ್ರು. ಫೋನಲ್ಲಿ ಕ್ರಾಸ್‌ರೋಡ್ಸಿನ ಎರಡು ಬೆಡ್‌ರೂಮ್ ಮನೆಗಳನ್ನ ನೋಡ್ತಿದ್ದದ್ದು ನಂಗೆ ಕಾಣ್ತಿತ್ತು. ಹೋಗೋದೇ ಬೇಡ ಅನ್ನಬಹುದಿತ್ತು, ಆದ್ರೆ ಹಿಮಕ್ಕೆ ಹೆದರಿ ಮನೇಲಿ ಕೂತ್ರೂ ಸೋತ ಲೆಕ್ಕವೇ ಅಂತ ಇವರು ಮೊದಲೇ ಮಾತು ತಗೊಂಡಿದ್ರು.

ಹುಳಿ ಪಾತ್ರೆ ಇವರ ತೊಡೆ ಮೇಲೆ ಕೂತ್ಕೊಳ್ತು. ದಿಬ್ಬದ ತುದಿಗೆ ಬಂದ್ವಿ. ಬದನೆಯ ಗಾಜಿನ ಗೂಡನ್ನ ಕನ್ನಡಿಯಲ್ಲಿ ಒಂದ್ಸಲ ನೋಡ್ಕೊಂಡೆ. ಗೇರ್ ತಗ್ಗಿಸಿ ಬಿಟ್ಟೆ. ಟೈರು ಹಿಮನ್ನ ಕರಕರ ಅಂತ ಕಚ್ಚಿ ಹಿಡ್ಕೊಂಡು, ಒಂದಿಂಚು ಅಡ್ಡ ಹೋಗದೆ ಟ್ರಕ್ಕನ್ನ ಕೆಳಗಿಳಿಸ್ತು. ಇವರ ಶಿಳ್ಳೆ ನಿಂತುಹೋಯ್ತು. ನಂಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳ್ಲಿ.

ತಿರುವಿನಲ್ಲಿ ನೋಡಿದ್ರೆ ಕುದುರೆ ಯಜಮಾನರ ಟ್ರಕ್ ಮೂತಿ ಚರಂಡೀಲಿ, ಬಾಲ ರಸ್ತೇಲಿ. ಅವರು ಪಕ್ಕದಲ್ಲಿ ನಿಂತಿದ್ರು, ಕುದುರೆ ಬೇಲಿಯಿಂದ ನೋಡ್ತಿತ್ತು. ಇವರು ಕಿಟಕಿ ಇಳಿಸಿದ್ರು.

"ಜುಲೈ?" ಅಂದ್ರು.

"ಜುಲೈ," ಅಂದ್ರು ಅವರು. "ನೀವು ಹೇಳಿದ್ದು ಆಮೇಲೆ ಗೊತ್ತಾಯ್ತು."

ಇಬ್ಬರೂ ಸಾವಿನ ಮನೆಯಲ್ಲಿ ತಲೆ ಆಡಿಸೋ ಹಾಗೆ ತಲೆ ಆಡಿಸಿದ್ರು. ಅವರು ತಿರುವಲ್ಲಿ ಬೇಗ ಬಂದು ಗಕ್ಕಂತ ಬ್ರೇಕ್ ತುಳಿದಿದಾರೆ ಅಂತ ಹಿಮದ ಮೇಲಿನ ಗೆರೆ ನೋಡಿದ್ರೆ ಗೊತ್ತಾಗ್ತಿತ್ತು. ಯಾರು ಕೇಳ್ತಾರೆ.

ಹಗ್ಗ ಕಟ್ಟೋಕೆ ನಾನೇ ಇಳಿದೆ, ಇವರ ತೊಡೆ ಮೇಲೆ ಹುಳಿ ಇತ್ತಲ್ಲ. ನಮ್ಮ ಟ್ರಕ್ಕಿನ ಹಿಂದಿನ ಚಕ್ರದ ಹತ್ರ ಮಂಡಿಯೂರಿ, ಹಿಮ ಒರೆಸಿದಾಗ ಕಣ್ಣೆದುರಿಗೇ ಅಂಕಿ. ಓದಿದೆ. ಇನ್ನೊಂದ್ಸಲ ಓದಿದೆ. ಮುಂದಿನ ಚಕ್ರಕ್ಕೆ ಹೋಗಿ ನೋಡಿದೆ. ಅದೂ ಅದೇ. ಗಡ್ಡದ ಹುಡುಗ ಜುಲೈ ಟೈರನ್ನೆಲ್ಲ ಗ್ಯಾರೇಜಿನ ಮೂಲೆಗೆ ತಳ್ಳಿದ್ನಲ್ಲ, ಜೋಡಿಸೋನಿಗೆ ಆ ಮೂಲೆಯೇ ಕೈಗೆ ಹತ್ರ ಇತ್ತು ಅಂತ ಕಾಣತ್ತೆ. ನಾವು ದಿಬ್ಬ ಇಳಿದದ್ದು ಅಪ್ಪಟ ಆಷಾಢದ ಮೇಲೆ.

ಇವರಿಗೆ ಗೊತ್ತಾದ್ರೆ ಈ ಟ್ರಕ್ಕಲ್ಲಿ ಮತ್ತೆ ಕೂರಲ್ಲ, ಅತ್ತೆ ಊಟ ಬಿಡ್ತಾರೆ, ಮನೆ ಮಾರಾಟಕ್ಕೆ ಬೋರ್ಡ್ ಬೀಳತ್ತೆ. ನಾನು ಚರಂಡಿ ಅಂಚಿನ ಕೆಸರು ಎರಡು ಕೈ ತುಂಬಾ ತಗೊಂಡು ನಾಲ್ಕೂ ಚಕ್ರದ ಅಂಕಿ ಮೇಲೆ ಮೆತ್ತಿದೆ. ಹತ್ತಿ ಕೂತು, ನಿಧಾನವಾಗಿ ಎಳೆದೆ. ಅವರ ಟ್ರಕ್ ಹಲ್ಲು ಕಿತ್ತ ಹಾಗೆ ಮೇಲೆ ಬಂತು. ಹೋದ ವರ್ಷ ನಮ್ಮನ್ನ ಎಳೆದಿದ್ದು ಅವರು, ಈ ವರ್ಷ ಅವರನ್ನ ಎಳೆದಿದ್ದು ನಾವು.

ಕುದುರೆ ಯಜಮಾನರು ಕಿಟಕಿ ಹತ್ರ ಬಂದು ನಮ್ಮ ಟೈರನ್ನ ಮೆಚ್ಚುಗೆಯಿಂದ ನೋಡಿದ್ರು. "ನಿಮ್ಮದು ಯಾವ ತಿಂಗಳದು?"

"ಬನ್ನಿ, ತೋರಿಸ್ತೀನಿ," ಅಂತ ಇವರು ಬಾಗಿಲು ತೆಗೆದೇಬಿಟ್ರು. ಪಾತ್ರೆ ಕೆಳಗಿಡೋಕೆ ಜಾಗ ಹುಡುಕ್ತಿದ್ರು. ಕುದುರೆ ಬೇರೆ ಮೂತಿ ಚಾಚಿ ಬರ್ತಿತ್ತು.

"ಶ್ರಾವಣ," ಅಂದೆ ನಾನು, ಜೋರಾಗಿ. "ನಮ್ಮದು ಶ್ರಾವಣ. ಬಾಗಿಲು ಹಾಕ್ರೀ, ಹುಳಿ ಆರತ್ತೆ."

"ಶ್ರಾವಣ," ಅಂತ ಅವರು ಕಷ್ಟಪಟ್ಟು ಹೇಳ್ಕೊಂಡು, ಗೌರವದಿಂದ ಹಿಂದೆ ಸರಿದ್ರು.

ಸಮಾಮಿಶ್ ತಲುಪಿದ್ರೆ ಊಟಕ್ಕೆ ಬಂದಿದ್ದು ನಾವೇ ಮೊದಲು, ನಾವೇ ಕೊನೆ. ಮಿಕ್ಕವರೆಲ್ಲ ಅವರವರ ಮನೆ ಮುಂದೇ ಜಾರಿ ನಿಂತಿದ್ರು. ಕ್ರಾಸ್‌ರೋಡ್ಸಿನ ಸ್ನೇಹಿತರು ಅಪಾರ್ಟ್‌ಮೆಂಟಿನ ಪಾರ್ಕಿಂಗಿಂದಲೇ ಹೊರಗೆ ಬರೋಕಾಗದೆ ಫೋಟೋ ಕಳಿಸಿದ್ರು. ಇವರು ಆ ಫೋಟೋ ನೋಡಿ, ಫೋನ್ ಮಗುಚಿಟ್ಟು, ಹುಳಿ ಇನ್ನೊಂದು ಸೌಟು ಹಾಕಿಸ್ಕೊಂಡ್ರು.

ಅಲ್ಲಿಂದ ಶುರುವಾಯ್ತು. ಮುಂದಿನ ಶನಿವಾರ ನಮ್ಮನೆ ಮುಂದೆ ಒಂದು ಟ್ರಕ್ ಬಂದು ನಿಂತಿತು, ಆಮೇಲೆ ಇನ್ನೊಂದು. ಜುಲೈ ಟೈರಿನ ವಿಷಯ ತಿಳಿದವರು ಇಲ್ಲಿದಾರಂತೆ ಅಂತ ಕೇಳ್ಕೊಂಡು ಬಂದಿದ್ರು. ಇವರು ಮಂಕಿ ಕ್ಯಾಪ್ ಹಾಕ್ಕೊಂಡು, ಟಾರ್ಚ್ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂತು ಅಂಕಿ ಓದಿ, "ಅಕ್ಟೋಬರ್, ತೊಂದರೆ ಇಲ್ಲ," "ಜುಲೈ, ಸ್ವಲ್ಪ ನಿಧಾನಕ್ಕೆ ಓಡಿಸಿ," ಅಂತ ಹೇಳಿ ಕಳಿಸೋಕೆ ಶುರು ಮಾಡಿದ್ರು. ಹಿಮದಲ್ಲಿ ನಿಧಾನಕ್ಕೆ ಓಡಿಸಿದವರು ಯಾರು ಜಾರ್ತಾರೆ ಹೇಳಿ. ಇವರ ಮಾತು ಸುಳ್ಳಾಗ್ಲೇ ಇಲ್ಲ. ಒಬ್ರು ಮೊಟ್ಟೆ ತಂದ್ರು, ಇನ್ನೊಬ್ರು ಸೇಬಿನ ಸಿಹಿ ತಂದ್ರು, ಕುದುರೆ ಯಜಮಾನರು ನನ್ನ ಬದನೆಗೆ ಒಂದು ಟ್ರಕ್ ಗೊಬ್ಬರ ಸುರಿದು, ಇವರ ಜೊತೆ ಅರ್ಧ ಗಂಟೆ ಮಾತಾಡಿ ಹೋದ್ರು.

ಚಳಿಗಾಲ ಮುಗಿಯೋ ಹೊತ್ತಿಗೆ ಒಂದು ದಿನ ನಾನು ಕಾಫಿ ಕೊಡ್ತಾ ಸುಮ್ನೆ ಕೆಣಕಿದೆ. "ರೀ, ಪಂದ್ಯ ನಾನೇ ಗೆದ್ದೆ, ಆದ್ರೂ ನಿಮಗೆ ಅಷ್ಟು ಆಸೆ ಇದ್ರೆ ಕ್ರಾಸ್‌ರೋಡ್ಸಿನ ಮನೆ ನೋಡೋಕೆ ಹೋಗೋಣ್ವಾ?"

"ಈ ಜನನ್ನೆಲ್ಲ ಯಾರ ಕೈಗೆ ಬಿಟ್ಟು ಹೋಗೋದೇ?" ಅಂದ್ರು ಇವರು. ನಿಜವಾಗ್ಲೂ ಬೇಜಾರು ಮಾಡ್ಕೊಂಡು ಅಂದ್ರು.

ಅಷ್ಟರಲ್ಲಿ ಫೋನ್ ಬಂತು. ಟೈರ್ ಅಂಗಡಿ ಗಡ್ಡದ ಹುಡುಗ. "ಸರ್, ಬಂದವರೆಲ್ಲ ಶ್ರಾವಣದ ಟೈರೇ ಬೇಕು ಅಂತಿದಾರೆ. ನಮ್ಮ ಗೋಡೌನಿನವರಿಗೂ ಗೊತ್ತಿಲ್ಲ. ಆ ಬ್ಯಾಚ್ ಮತ್ತೆ ಯಾವಾಗ ಬರತ್ತೆ?"

"ಒಂದು ನಿಮಿಷ ಇರಿ," ಅಂದ್ರು ಇವರು, "ಅಮ್ಮನ್ನ ಕೇಳಿ ಹೇಳ್ತೀನಿ."

ಇವರು ಮೈಸೂರಿಗೆ ಕಾಲ್ ಹಚ್ಚಿದ್ರು. ನಾನು ಹಿತ್ತಲಿಗೆ ಹೋಗಿ, ಕುದುರೆ ಗೊಬ್ಬರ ಎರಡು ಹಿಡಿ ತಗೊಂಡು, ನಮ್ಮ ಟ್ರಕ್ಕಿನ ಟೈರಿನ ಅಂಕಿಗಳ ಮೇಲೆ ಇನ್ನೊಂದು ಸುತ್ತು ಮೆತ್ತಿ ಬಂದೆ.